ಮನೆತನಕ್ಕಾಗದ ಶನಿವಾರ

ನಮ್ಮ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ಕೈಗೆ ಬಂದಿದ್ದ ಒಂದು ಉದ್ಯೋಗದ ಸಂದರ್ಶನಕ್ಕೆ ಹೋಗಲಿಲ್ಲ. ಕಾರಣವನ್ನು ವಿಚಾರಿಸಲಾಗಿ, ಅದು ಶನಿವಾರಕ್ಕೆ ಗೊತ್ತಾಗಿತ್ತೆಂದೂ, ಶನಿವಾರ ತಮ್ಮ ಮನೆತನಕ್ಕೆ ಆಗದೆಂದೂ, ತಾಯಿ ಕಳುಹಿಸಲೊಪ್ಪಲಿಲ್ಲವೆಂದೂ ತಿಳಿಸಿದನು. ಮನೆಯವರ ನೆನಪಿನಲ್ಲಿರುವ ಐದು ಮರಣಗಳಲ್ಲಿ ಮೂರು ಶನಿವಾರವೇ ಸಂಭವಿಸಿದ್ದುವಂತೆ. ಅವನ ತಂದೆಯದೂ ಅವುಗಳಲ್ಲೊಂದು. ಇದನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ನಾವು ಹಾಗೆ ನಗಲಾರೆವು. ಆ ತಾಯಿ ಮುಂದಿಟ್ಟಿರುವುದು ಒಂದು ಎಣಿಕೆ. ಅದಕ್ಕೆ ಎಣಿಕೆಯಿಂದಲೇ ಉತ್ತರ ಸಲ್ಲಬೇಕು.

ಐದು ಮರಣಗಳು ವಾರದ ಏಳು ದಿನಗಳಿಗೆ ಯಾವ ಪಕ್ಷಪಾತವೂ ಇಲ್ಲದೆ ಹಂಚಿಹೋಗುತ್ತವೆಂದು ಭಾವಿಸೋಣ. ಹಂಚಿಕೆಯ ಒಟ್ಟು ಬಗೆಗಳು, ಏಳನ್ನು ಐದು ಸಲ ಇಟ್ಟು ಗುಣಿಸಿದಷ್ಟು, ಎಂದರೆ 16,807. ಐದರಲ್ಲಿ ಮೂರನ್ನು ಆರಿಸುವ ಬಗೆಗಳು 10. ಉಳಿದೆರಡಕ್ಕೆ ತಲಾ 6 ದಿನಗಳು. ಹೀಗಾಗಿ ಶನಿವಾರಕ್ಕೆ ಮೂರೇ ಬೀಳುವ ಬಗೆಗಳು 360. ನಾಲ್ಕು ಬೀಳುವವು 30, ಐದೂ ಬೀಳುವುದು 1. ಎಲ್ಲ ಸೇರಿ 391. ಸಂಭವನೀಯತೆ ಸುಮಾರು 43ರಲ್ಲಿ ಒಂದು. ತಾಯಿ ಬೆಚ್ಚಿದುದು ಸಹಜವೇ.

ಆದರೆ ಪ್ರಶ್ನೆ ಹುಟ್ಟಿದುದು ಯಾವಾಗ? ಆ ಮೂರೂ ಮಂಗಳವಾರ ಸಂಭವಿಸಿದ್ದರೆ ಮಂಗಳವಾರವೇ ಆಗದ ದಿನವೆನಿಸುತ್ತಿತ್ತು. ಗುರುವಾರವಾಗಿದ್ದರೂ ಮನೆಯವರ ಗಮನ ತಪ್ಪುತ್ತಿರಲಿಲ್ಲ. ಆದುದರಿಂದ ನಾವು ಕೇಳಬೇಕಾದುದು, ಯಾವುದಾದರೂ ಒಂದು ದಿನಕ್ಕೆ ಮೂರು ಬೀಳುವ ಸಂಭವವೆಷ್ಟು ಎಂದು. ಐದು ಮರಣಗಳಲ್ಲಿ ಎರಡು ದಿನಗಳಿಗೆ ಮೂರು ಮೂರು ಬೀಳುವಂತಿಲ್ಲವಾದ್ದರಿಂದ 391ನ್ನು ಏಳರಿಂದ ಗುಣಿಸಿದರೆ ಸಾಕು: 2,737. ಇದು ಸುಮಾರು ಆರರಲ್ಲಿ ಒಂದು! ಅಂತಹ ಐದೈದು ಮರಣಗಳ ನೆನಪುಳ್ಳ ಅರುವತ್ತು ಮನೆಗಳ ಬೀದಿಯಲ್ಲಿ ಸುಮಾರು ಹತ್ತು ಮನೆಗಳಿಗೆ ಒಂದೊಂದು ಆಗದ ದಿನ ಇರುವುದೆಂದು ನಿರೀಕ್ಷಿಸಬೇಕು.

ಶನಿವಾರದ ಭಯ ಈ ಮರಣಗಳಿಗಿಂತ ಹಳೆಯದಲ್ಲವೇ ಎಂದು ವಾಚಕರು ಕೇಳಬಹುದು. ಸರಿಯೇ. ಆಗಲೂ ಆ ಬೀದಿಯ ಒಂದೆರಡು ಮನೆಗಳಿಗೆ ಶನಿವಾರವೇ ಬಂದೊದಗುತ್ತದೆ. ಮಿಕ್ಕ ಮನೆಗಳವರು ತಮ್ಮಲ್ಲಿ ಹಾಗಾಗಲಿಲ್ಲವೆಂದು ಯಾರೊಡನೆಯೂ ಹೇಳಿಕೊಳ್ಳುವುದಿಲ್ಲವಷ್ಟೆ.

ಏಳು ದಿನಗಳೂ ಸಮವೆಂಬ ನಮ್ಮ ಊಹೆಯನ್ನೂ ಸಂಶಯಿಸದೆ ಬಿಡಬಾರದು. ಜನನಗಳ ವಿಷಯದಲ್ಲಿ ಅದು ಎಲ್ಲೆಡೆಯೂ ನಿಲ್ಲದು. ಅಮೆರಿಕದಲ್ಲಿ ಶನಿವಾರ, ಭಾನುವಾರಗಳಂದು ಹುಟ್ಟುವ ಮಕ್ಕಳು ಇತರ ದಿನಗಳಿಗಿಂತ ಕಡಮೆ. ಶಸ್ತ್ರಚಿಕಿತ್ಸೆಯ ಹೆರಿಗೆಗಳನ್ನು ಕೆಲಸದ ದಿನಗಳಿಗೆ ಗೊತ್ತುಪಡಿಸುವುದು ಇದಕ್ಕೆ ಒಂದು ಮುಖ್ಯ ಕಾರಣ. ಗ್ರಹಗಳ ಪಾತ್ರ ಅಲ್ಲಿಲ್ಲ.

ನಮ್ಮ ತರಗತಿಗಳಲ್ಲಿ ಸಂಭವನೀಯತೆಯ ಪಾಠ ದಾಳ, ನಾಣ್ಯ, ಇಸ್ಪೀಟೆಲೆಗಳಲ್ಲೇ ಮುಗಿದುಹೋಗುತ್ತದೆ. ಇದು ತಪ್ಪೆಂದು ನಮ್ಮ ಅಭಿಪ್ರಾಯ. ಆ ವಿದ್ಯಾರ್ಥಿಯೂ ಆ ಲೆಕ್ಕಗಳಿಗೆ ಪೂರ್ಣ ಅಂಕಗಳನ್ನು ಪಡೆದವನೇ. ತಾಯಿಯ ಮಾತಿಗೂ ಅವಕ್ಕೂ ಸಂಬಂಧವುಂಟೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವಂತೆ ನಾವು ಕಲಿಸಿಯೂ ಇರಲಿಲ್ಲ.

ಈ ವರ್ಷ ಅನಿಲಗಳ ಅಣುಚಲನೆಯ ಪಾಠಕ್ಕೆ ಮುನ್ನ, ಮನೆಯವರೆಲ್ಲರೂ ಹುಟ್ಟಿದ ವಾರಗಳನ್ನು ಬರೆದು ತರಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದೆವು. ಐವರಿರುವ ಮನೆಯಲ್ಲಿ ಇಬ್ಬರಾದರೂ ಒಂದೇ ವಾರದಂದು ಹುಟ್ಟಿರುವ ಸಂಭವ ನೂರಕ್ಕೆ 85. ಬರೆದು ತಂದವರಲ್ಲಿ ಹಲವರು, ಇಂತಹ ಸೋಜಿಗ ತಮ್ಮ ಮನೆಯೊಂದರಲ್ಲೇ ನಡೆದಿದೆಯೆಂದು ನಂಬಿ ಬಂದಿದ್ದರು.