ಔಷಧ ಚಿಕಿತ್ಸೆಯೂ ವಿದ್ವತ್ಸಂಘಗಳ ಹೊಣೆಯೂ

ಅತಿಯಾದರೆ ಅಮೃತವೂ ವಿಷವೆಂಬುದು ನಮ್ಮ ಹಿರಿಯರ ಮಾತು. ಔಷಧಗಳ ವಿಷಯದಲ್ಲಿ ಇಷ್ಟು ಹೇಳಿದರೆ ಸಾಲದು; ಒಬ್ಬನಿಗೆ ಹಿತವಾದ ಪ್ರಮಾಣವೇ ಮತ್ತೊಬ್ಬನಿಗೆ ಅತಿಯಾಗಬಹುದು. ಈ ವ್ಯತ್ಯಾಸವನ್ನು ರೋಗಿಗಳಲ್ಲಿಯೇ ಅಳೆದು, ಯಾರಿಗೆ ಯಾವ ಔಷಧ, ಎಷ್ಟು, ಎಷ್ಟು ದಿನ ಎಂಬುದನ್ನು ನಿರ್ಧರಿಸುವ ಶಾಸ್ತ್ರವೇ ಕ್ಲಿನಿಕಲ್ ಫಾರ್ಮಕಾಲಜಿ. ಇದನ್ನು ಚಿಕಿತ್ಸಕ ಔಷಧಶಾಸ್ತ್ರವೆಂದು ಕರೆಯೋಣ. ಇದನ್ನು ಬೆಳೆಸುವ ಹೊಣೆ ಸರ್ಕಾರಕ್ಕೂ ಕಾಲೇಜುಗಳಿಗೂ ಇರುವಂತೆಯೇ ಔಷಧಶಾಸ್ತ್ರಜ್ಞರ ಸಂಘಗಳಿಗೂ ಇದೆಯೆಂಬುದು ನಮ್ಮ ಅಭಿಪ್ರಾಯ.

ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಎಂಬ ಔಷಧವನ್ನೇ ನೋಡಿ. ಯಕೃತ್ತಿನ ಒಂದು ಕಿಣ್ವವು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಕಾರ್ಯ ಕೆಲವರಲ್ಲಿ ಶೀಘ್ರವಾಗಿಯೂ ಕೆಲವರಲ್ಲಿ ನಿಧಾನವಾಗಿಯೂ ನಡೆಯುವುದು ಆನುವಂಶಿಕ ಲಕ್ಷಣ. ರಕ್ತದಲ್ಲಿನ ಔಷಧ ಅರ್ಧಕ್ಕೆ ಇಳಿಯಲು ಮೊದಲನೆಯವರಲ್ಲಿ ಸುಮಾರು ೧ ಗಂಟೆ ಹಿಡಿದರೆ ಎರಡನೆಯವರಲ್ಲಿ ಸುಮಾರು ೩ ಗಂಟೆ ಹಿಡಿಯುತ್ತದೆ. ನಿಧಾನದವರಿಗೆ ಕೈಕಾಲು ಜೋಮು ಹಿಡಿಯುವ ನರವ್ಯಾಧಿ ಬರುವ ಸಂಭವ ಹೆಚ್ಚು. ಬಿ೬ ಜೀವಸತ್ವ ಕೊಟ್ಟರೆ ಅದನ್ನು ತಡೆಯಬಹುದು. ೧೯೫೬ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ಇಂಥ ಪ್ರಶ್ನೆಗಳನ್ನು ನಮ್ಮ ಜನರಲ್ಲಿಯೇ ಪರೀಕ್ಷಿಸಿತು. ಪ್ರಯೋಗಶಾಲೆಯ ಇಲಿ ಈ ಉತ್ತರವನ್ನು ಕೊಡಲಾರದು.

ಸಂಘಗಳು ಏನು ಮಾಡಬಲ್ಲವು? ಬ್ರಿಟನ್ನಿನ ಔಷಧಶಾಸ್ತ್ರ ಸಂಘವು ಸ್ಥಾಪಿತವಾದದ್ದು ೧೯೩೧ರಲ್ಲಿ. ೧೯೭೦ರಲ್ಲಿ ಅದು ಚಿಕಿತ್ಸಕ ವಿಭಾಗವೊಂದನ್ನು ತೆರೆಯಿತು. ೧೯೭೪ರಲ್ಲಿ ಅದಕ್ಕೆಂದೇ ಪ್ರತ್ಯೇಕ ಪತ್ರಿಕೆಯನ್ನು ಹೊರಡಿಸಿತು. ಹೀಗೆ ವೈದ್ಯನೂ ಪ್ರಯೋಗಶಾಲೆಯ ವಿಜ್ಞಾನಿಯೂ ಒಂದೆಡೆ ಕಲೆಯುವಂತಾಯಿತು. ಭಾರತದಲ್ಲಿಯೂ ಔಷಧಶಾಸ್ತ್ರಜ್ಞರ ಸಂಘವುಂಟು; ಅದರ ಪತ್ರಿಕೆಯೂ ಸಮ್ಮೇಳನಗಳೂ ಉಂಟು. ಇವು ಅವಶ್ಯವೇ ಸರಿ. ಆದರೆ ಇಷ್ಟಕ್ಕೇ ನಿಂತರೆ ಜ್ಞಾನವು ಸಭಾಂಗಣವನ್ನು ದಾಟುವುದಿಲ್ಲ.

ವಿದ್ವಾಂಸರ ಕೂಟಕ್ಕೆ ಅಂಗಡಿಬೀದಿಯಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಉತ್ತರವು ನಮ್ಮ ನಾಡಿನಲ್ಲಿಯೇ ಇದೆ. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ವಿಚಾರಿಸಿದರು. ೧೯೬೩ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ರೋಗಲಕ್ಷಣವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು. ಅನೇಕರಿಗೆ ದೊರೆತದ್ದು ಬರಿಯ ಕೆಮ್ಮಿನ ಔಷಧ! ಕೊರತೆಯಿದ್ದದ್ದು ರೋಗಿಯ ತಿಳಿವಳಿಕೆಯಲ್ಲಲ್ಲ, ಔಷಧವನ್ನು ಕೊಡುವ ಕ್ರಮದಲ್ಲಿ. ಹಳ್ಳಿಗೆ ಹೋಗದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಈಗ ಬೆಂಗಳೂರಿನ ಪೂರ್ವದ ಗರುಡಾಚಾರ್‌ಪಾಳ್ಯವನ್ನು ನೆನೆಯೋಣ. ೨೦೨೩ರ ಮಾರ್ಚಿಯಲ್ಲಿ ಅಲ್ಲಿಗೆ ಮೆಟ್ರೋ ರೈಲು ಬಂದಿತು. ಇಂಥ ಬಡಾವಣೆಗಳಲ್ಲಿ ದಿನಗೂಲಿಯವನಿಗೆ ಜ್ವರ ಬಂದರೆ, ಒಂದು ದಿನದ ಸಂಬಳ ಕಳೆದುಕೊಂಡು ವೈದ್ಯರಲ್ಲಿಗೆ ಹೋಗುವುದಕ್ಕಿಂತ ಮೆಡಿಕಲ್ ಸ್ಟೋರಿನಲ್ಲಿ ಎರಡು ಮಾತ್ರೆ ಕೊಳ್ಳುವುದೇ ಸುಲಭವಾಗಿ ತೋರುತ್ತದೆ. ಕೆಲವು ಪ್ರಮುಖ ಆ್ಯಂಟಿಬಯಾಟಿಕ್‌ಗಳ ಮಾರಾಟವನ್ನು ವೈದ್ಯರ, ರೋಗಿಯ ಹೆಸರುಗಳೊಡನೆ ದಾಖಲಿಸಿ ೩ ವರ್ಷ ಇರಿಸಬೇಕೆಂಬ ನಿಯಮ ೨೦೧೪ರ ಮಾರ್ಚ್ ೧ರಿಂದ ಜಾರಿಯಲ್ಲಿದೆ. ಆದರೆ ಅರ್ಧಕ್ಕೆ ಬಿಟ್ಟ ಮಾತ್ರೆಗಳಿಂದ ಆಗುವ ಹಾನಿಯನ್ನು ನಿಯಮವೊಂದೇ ತಪ್ಪಿಸಲಾರದು. ತಿಳಿಸಿ ಹೇಳುವವರು ಬೇಕು.

ಆದುದರಿಂದ ಸಂಘಗಳ ಮುಂದೆ ಮೂರು ಕೆಲಸಗಳನ್ನು ಇಡುತ್ತೇವೆ. ಬಡಾವಣೆಯ ವೈದ್ಯರನ್ನೂ ಔಷಧ ವ್ಯಾಪಾರಿಗಳನ್ನೂ ಆಗಾಗ ಒಂದೆಡೆ ಸೇರಿಸಿ ಚರ್ಚಿಸುವುದು ಮೊದಲನೆಯದು. ಔಷಧಗಳ ಗುಣದೋಷಗಳನ್ನು ತಿಳಿಗನ್ನಡದ ಕಿರುಹೊತ್ತಗೆಗಳಲ್ಲಿ ಅಚ್ಚುಮಾಡುವುದು ಎರಡನೆಯದು. ಅಡ್ಡಪರಿಣಾಮಗಳನ್ನು ವರದಿ ಮಾಡುವ ಅಭ್ಯಾಸವನ್ನು ಬೆಳೆಸುವುದು ಮೂರನೆಯದು. ಥ್ಯಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಶಿಶುಗಳು ಅಂಗವಿಕಲರಾದದ್ದು ೧೯೬೧ರಲ್ಲಿ ಬೆಳಕಿಗೆ ಬಂದದ್ದು ಎಚ್ಚರದಿಂದಿದ್ದ ವೈದ್ಯರಿಂದಲೇ. ನಮ್ಮಲ್ಲಿ ೨೦೧೦ರಲ್ಲಿ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮ ಆರಂಭವಾಗಿದೆ. ವೈದ್ಯರು ಮಾತ್ರವಲ್ಲ, ರೋಗಿಗಳೂ ಅದಕ್ಕೆ ವರದಿ ಕಳುಹಿಸಬಹುದು. ಇದನ್ನು ಜನರಿಗೆ ತಿಳಿಸಲು ಸಂಘಗಳಿಗಿಂತ ತಕ್ಕವರು ಯಾರು?

ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲುಂಟು. ಮನೆಯಲ್ಲಿ ಯಾರಾದರೂ ಮಾತ್ರೆ ನುಂಗುವಾಗ ಅದರ ಹೆಸರೇನು, ಏತಕ್ಕಾಗಿ, ಎಷ್ಟು ದಿನ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಲಿ. ಈ ಮೂರು ಪ್ರಶ್ನೆಗಳಿಂದಲೇ ಆ ಶಾಸ್ತ್ರವು ಹುಟ್ಟಿದೆ.