ದೇಹ ಹಗುರವಾದ ಮೇಲೆ ಯಾವ ವಾಹನ?



ಮನೆಗೊಂದು ವಾಹನ ಕೊಳ್ಳುವಾಗ ನಾವು ಬೆಲೆ ವಿಚಾರಿಸುತ್ತೇವೆ, ಮೈಲೇಜ್ ಕೇಳುತ್ತೇವೆ, ಬಣ್ಣ ಆರಿಸುತ್ತೇವೆ. ಅದರಲ್ಲಿ ಕೂರುವವರ ದೇಹದ ಬಗ್ಗೆ ಮಾತ್ರ ಯಾರೂ ಬಾಯಿ ಬಿಟ್ಟು ಮಾತನಾಡುವುದಿಲ್ಲ. ದಪ್ಪಗಿರುವ ಹೆಣ್ಣು ಮಾತ್ರ ಅದನ್ನು ಮನಸ್ಸಿನೊಳಗೇ ಲೆಕ್ಕ ಹಾಕುತ್ತಿರುತ್ತಾಳೆ. ಬೈಕಿನ ಹಿಂದೆ ಕುಳಿತರೆ ನೋಡುವವರು ಏನೆಂದಾರು? ಬಸ್ಸಿನ ಮೆಟ್ಟಿಲು ಹತ್ತಲಾದೀತೇ? ರಿಕ್ಷಾದಲ್ಲಿ ಇನ್ನಿಬ್ಬರಿಗೆ ಜಾಗ ಉಳಿದೀತೇ? ಹೀಗೆ ಲೆಕ್ಕ ಹಾಕಿ ಹಾಕಿ ಕೊನೆಗೆ 'ನಾನು ಬರುವುದಿಲ್ಲ, ನೀವು ಹೋಗಿ ಬನ್ನಿ' ಎಂದು ಮನೆಯಲ್ಲೇ ಉಳಿದುಬಿಡುತ್ತಾಳೆ. ಮದುವೆ ತಪ್ಪುತ್ತದೆ, ರೋಗಿಯ ಸಂದರ್ಶನ ತಪ್ಪುತ್ತದೆ, ತವರಿನ ದಾರಿ ಮರೆತು ಹೋಗುತ್ತದೆ.

ನಮ್ಮ ಮಹಿಳಾ ತರಗತಿಗೆ ಬರುವ ಓರ್ವ ಸಹೋದರಿ ಎರಡು ವರ್ಷಗಳಲ್ಲಿ 96 ಕಿಲೋದಿಂದ 68ಕ್ಕೆ ಇಳಿದರು. ವೈದ್ಯರ ಸಲಹೆ, ಊಟದಲ್ಲಿ ಮಿತಿ, ಸುಬ್‌ಹಿ ನಮಾಝ್‌ನ ಬಳಿಕದ ನಡಿಗೆ ಇವು ಕಾರಣ. ಅಲ್‌ಹಮ್ದುಲಿಲ್ಲಾಹ್. ಈಗ ಅವರ ಮನೆಯಲ್ಲಿ ಹೊಸ ಚರ್ಚೆ ಶುರುವಾಗಿದೆ. 'ಇಷ್ಟು ದಿನ ನಿನಗಾಗಿಯೇ ದೊಡ್ಡ ಕಾರು ಇಟ್ಟುಕೊಂಡದ್ದು, ಇನ್ನು ಚಿಕ್ಕದು ಸಾಕಲ್ಲವೇ?' ಎಂದು ಪತಿ ಕೇಳುತ್ತಾರೆ. 'ಉಮ್ಮಾ, ಸ್ಕೂಟರ್ ಕಲಿಯಿರಿ' ಎಂದು ಮಗಳು ಒತ್ತಾಯಿಸುತ್ತಾಳೆ. ಅವರಿಗೇನೋ ಸ್ಕೂಟರ್ ಬೇಕು, ಆದರೆ ಹೆದರಿಕೆಯೂ ಇದೆ. ಇಂತಹ ಪ್ರಶ್ನೆ ಇಂದು ಹಲವು ಮನೆಗಳಲ್ಲಿದೆ. ಆದ್ದರಿಂದ ಈ ತಿಂಗಳು ಇದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ನಾಚಿಕೆಯ ವಿಷಯ. ದೇಹದ ಭಾರದ ಬಗ್ಗೆ ಮಾತನಾಡುವುದು ನಮ್ಮ ಪೂರ್ವಿಕರಿಗೆ ನಾಚಿಕೆಯಾಗಿರಲಿಲ್ಲ. ಆಯಿಶಾ(ರ)ರ ಜೀವನವನ್ನೇ ನೋಡಿ. ಒಂದು ದಂಡಯಾತ್ರೆಯಿಂದ ಮರಳುವಾಗ ಅವರು ಕಳೆದುಹೋದ ಹಾರವನ್ನು ಹುಡುಕಲು ಹೋಗಿದ್ದರು. ಸೇವಕರು ಅವರ ಅಂಬಾರಿಯನ್ನು ಎತ್ತಿ ಒಂಟೆಯ ಮೇಲಿಟ್ಟು ಹೊರಟೇ ಬಿಟ್ಟರು. ಒಳಗೆ ಅವರಿಲ್ಲವೆಂಬುದು ಎತ್ತಿದವರಿಗೆ ತಿಳಿಯಲೇ ಇಲ್ಲ. ಆ ಕಾಲದ ಸ್ತ್ರೀಯರು ಅಲ್ಪಾಹಾರದಿಂದ ಹಗುರವಾಗಿದ್ದರು, ತಾನಂತೂ ಎಳೆಯ ವಯಸ್ಸಿನವಳಾಗಿದ್ದೆ ಎಂದು ಅವರೇ ಕಾರಣ ಹೇಳಿದ್ದಾರೆ. ಇದು ಬುಖಾರಿಯಲ್ಲಿದೆ. ಅದೇ ಆಯಿಶಾ(ರ) ಒಮ್ಮೆ ಪ್ರಯಾಣದಲ್ಲಿ ಪ್ರವಾದಿ(ಸ)ಯವರೊಂದಿಗೆ ಓಟದ ಪಂದ್ಯವಾಡಿ ಗೆದ್ದರು. ಮುಂದೆ ಮೈ ತುಂಬಿಕೊಂಡ ಬಳಿಕ ಇನ್ನೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದರು, ಹಿಂದಿನ ಸೋಲಿಗೆ ಸರಿಹೋಯಿತೆಂದು ವಿನೋದವಾಡಿದರು. ಅಬೂದಾವೂದ್‌ನಲ್ಲಿರುವ ಈ ಘಟನೆಯಲ್ಲಿ ತೂಕದ ಮಾತು ಇದೆ, ಹೀಯಾಳಿಕೆ ಇಲ್ಲ. ಪತ್ನಿ ದಪ್ಪಗಾದಳೆಂದು ಜೊತೆಗೆ ಓಡುವುದನ್ನು ಅವರು ಬಿಡಲೂ ಇಲ್ಲ.

ಸೌದಾ(ರ)ರ ಉದಾಹರಣೆಯೂ ಇದೆ. ಅವರದು ಭಾರವಾದ ಶರೀರ, ನಡಿಗೆ ನಿಧಾನ. ಹಜ್ಜ್‌ನ ವೇಳೆ ಜನರ ನೂಕುನುಗ್ಗಲಿಗೆ ಮೊದಲೇ ರಾತ್ರಿಯಲ್ಲಿ ಮುಝ್ದಲಿಫಾದಿಂದ ಹೊರಡಲು ಅನುಮತಿ ಕೇಳಿದರು. ಪ್ರವಾದಿ(ಸ) ಅನುಮತಿ ನೀಡಿದರು. ಅವರ ದೇಹದ ಸ್ಥಿತಿಯನ್ನು ಅರಿತು ಪ್ರಯಾಣದ ವ್ಯವಸ್ಥೆಯನ್ನೇ ಬದಲಿಸಲಾಯಿತು. ನಮ್ಮ ಮನೆಗಳಲ್ಲಿ ಏನಾಗುತ್ತದೆ? 'ನೀನು ಕುಳಿತರೆ ಟಯರ್ ಒಡೆದೀತು' ಎಂದು ನಗುತ್ತಾರೆ. ಹೇಳಿದವರಿಗೆ ಅದು ತಮಾಷೆ, ಕೇಳಿದವಳಿಗೆ ವರ್ಷಗಟ್ಟಲೆಯ ಗಾಯ. ಪರಸ್ಪರ ಗೇಲಿ ಮಾಡುವುದನ್ನು ಹುಜುರಾತ್ ಅಧ್ಯಾಯ ನಿಷೇಧಿಸಿರುವುದು ಮನೆಯ ಒಳಗೂ ಅನ್ವಯಿಸುತ್ತದೆ ಎಂಬುದನ್ನು ಪುರುಷರು ನೆನಪಿಡಲಿ.

ಇನ್ನು ವಾಹನದ ವಿಷಯ. ತೂಕ ಬಹಳ ಇಳಿದಾಗ ಮೊದಲು ನಮಗೆ ಮರಳಿ ಸಿಗುವ ವಾಹನ ನಮ್ಮ ಕಾಲುಗಳೇ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು ಮೊಣಕಾಲು ನೋವಿನ ರೋಗಿಗಳ ಅಧ್ಯಯನವೊಂದು 2005ರಲ್ಲಿ ತೋರಿಸಿತು. ಈ ಲೆಕ್ಕದಲ್ಲಿ 28 ಕಿಲೋ ಇಳಿಸಿದವರ ಮೊಣಕಾಲಿಗೆ ಸಿಕ್ಕ ನೆಮ್ಮದಿ ಎಷ್ಟೆಂದು ಯೋಚಿಸಿ. ಅರ್ಧ ಕಿಲೋಮೀಟರ್ ದೂರದ ಅಂಗಡಿಗೆ ರಿಕ್ಷಾ ಕರೆಯುತ್ತಿದ್ದವರು ಈಗ ನಡೆದೇ ಹೋಗಬಹುದು. ಹೊಸ ವಾಹನ ಬಂದೊಡನೆ ಈ ನಡಿಗೆ ನಿಂತು ಹೋಗುವುದೇ ದೊಡ್ಡ ಅಪಾಯ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂತಹ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾಹನ ಯಾವುದೇ ಬರಲಿ, ಆ 150 ನಿಮಿಷಗಳನ್ನು ಅದಕ್ಕೆ ಬಿಟ್ಟುಕೊಡಬೇಡಿ.

ಎರಡನೆಯದು ಬಸ್ಸು. ಎತ್ತರದ ಮೆಟ್ಟಿಲು, ಇಕ್ಕಟ್ಟಿನ ಸೀಟು, ಬೇಗ ಹತ್ತಿ ಎಂದು ಅವಸರಪಡಿಸುವ ಕಂಡಕ್ಟರ್ ಇವುಗಳಿಂದಾಗಿ ಬಸ್ಸನ್ನು ಬಿಟ್ಟವರೇ ಹೆಚ್ಚು. 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಆರಂಭವಾಗಿ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಸಿಕ್ಕಿತು. ಆದರೆ ಮೆಟ್ಟಿಲು ಹತ್ತಲಾಗದವರಿಗೆ ಉಚಿತ ಟಿಕೆಟ್‌ನಿಂದ ಏನು ಲಾಭ? ದೇಹ ಹಗುರವಾದ ಮೇಲೆ ಆ ಬಾಗಿಲು ತೆರೆದಿದೆ. ವಾಹನಕ್ಕೆ ಹಣ ಹೂಡುವ ಮೊದಲು ಒಂದು ತಿಂಗಳು ಬಸ್ಸಿನಲ್ಲಿ ಓಡಾಡಿ ನೋಡಿ. ನಿಜವಾಗಿ ಸ್ವಂತ ವಾಹನ ಬೇಕಾದ ಕೆಲಸಗಳು ಎಷ್ಟೆಂದು ಆಗ ತಿಳಿಯುತ್ತದೆ.

ಮೂರನೆಯದು ಸ್ಕೂಟರ್. ಗೇರಿಲ್ಲದ ಸಾಮಾನ್ಯ ಪೆಟ್ರೋಲ್ ಸ್ಕೂಟರ್‌ಗಳು ಸುಮಾರು 100ರಿಂದ 110 ಕಿಲೋ ತೂಗುತ್ತವೆ. ಸೆಂಟರ್ ಸ್ಟ್ಯಾಂಡ್ ಹಾಕಲು, ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳಲು ತೋಳಿನಲ್ಲಿ ಬಲ ಬೇಕು. ತೂಕ ಇಳಿಯುವಾಗ ಕೊಬ್ಬು ಮಾತ್ರವಲ್ಲ, ಸ್ನಾಯುವೂ ಸ್ವಲ್ಪ ಕರಗುತ್ತದೆ. ಉಪವಾಸವಿದ್ದಂತೆ ತಿನ್ನುವುದನ್ನೇ ಬಿಟ್ಟು ಅವಸರದಲ್ಲಿ ಇಳಿಸಿದವರಲ್ಲಿ ಇದು ಹೆಚ್ಚು. ಆದ್ದರಿಂದ ಅಂಗಡಿಗೆ ಹೋದಾಗ ಬರೇ ಓಡಿಸಿ ನೋಡಿದರೆ ಸಾಲದು. ಸ್ಟ್ಯಾಂಡ್ ಹಾಕಿ ನೋಡಿ, ತಳ್ಳಿ ನೋಡಿ, ಎರಡೂ ಪಾದಗಳು ನೆಲಕ್ಕೆ ಭದ್ರವಾಗಿ ಊರುತ್ತವೆಯೇ ಎಂದು ಪರೀಕ್ಷಿಸಿ.

ಮನೆಯಲ್ಲಿ ಹಳೆಯ ಸ್ಕೂಟರ್ ಇದ್ದರೆ ಅದೂ ಈಗ ಬೇರೆಯದೇ ಅನಿಸಬಹುದು. ಸವಾರರ ಭಾರಕ್ಕೆ ಸ್ಪ್ರಿಂಗ್ ಕುಗ್ಗುತ್ತದೆ. ಭಾರ 30 ಕಿಲೋ ಕಡಿಮೆಯಾದರೆ ಅಷ್ಟು ಕುಗ್ಗುವುದಿಲ್ಲ, ಸೀಟು ತುಸು ಎತ್ತರದಲ್ಲೇ ನಿಲ್ಲುತ್ತದೆ, ಗುಂಡಿಗಳಲ್ಲಿ ಎತ್ತಿ ಹಾಕುತ್ತದೆ. ಸೊಂಟದ ಕೆಳಗಿನ ಮಾಂಸ ಕರಗಿರುವುದರಿಂದ ಸೀಟು ಗಟ್ಟಿ ಎನಿಸುವುದೂ ಸಹಜ. ಕೆಲವು ಸ್ಕೂಟರ್‌ಗಳಲ್ಲಿ ಹಿಂದಿನ ಸ್ಪ್ರಿಂಗನ್ನು ಭಾರಕ್ಕೆ ತಕ್ಕಂತೆ ಸಡಿಲಿಸುವ ವ್ಯವಸ್ಥೆ ಇದೆ. ಒಬ್ಬರು ಕೂರುವಾಗ ಟಯರಿಗೆ ಎಷ್ಟು ಗಾಳಿ, ಇಬ್ಬರು ಕೂರುವಾಗ ಎಷ್ಟು ಎಂಬುದು ವಾಹನದ ಜೊತೆ ಕೊಡುವ ಪುಸ್ತಕದಲ್ಲಿರುತ್ತದೆ. ಮೆಕ್ಯಾನಿಕ್‌ಗೆ ಹೇಳಿ ಇವೆರಡನ್ನೂ ಸರಿಪಡಿಸಿಕೊಳ್ಳಿ. ಹೊಸದನ್ನು ಕೊಳ್ಳುವ ಖರ್ಚೇ ಉಳಿದೀತು.

ಉಡುಪಿನ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ದಪ್ಪಗಿದ್ದಾಗ ಹೊಲಿಸಿದ ಬುರ್ಖಾ ಈಗ ಮೈಮೇಲೆ ಜೋಲುತ್ತಿರುತ್ತದೆ. ಅದರ ಅಂಚು, ದುಪಟ್ಟಾದ ತುದಿ ಚಕ್ರಕ್ಕೆ ಸಿಲುಕಿ ಪ್ರಾಣವೇ ಹೋದ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಬೈಕಿನ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಸೀರೆ ಗಾರ್ಡ್ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಚಂದ ಕೆಡುತ್ತದೆಂದು ಮನೆಯ ಹುಡುಗರು ಅದನ್ನು ಕಳಚಿಸದಿರಲಿ. ಬುರ್ಖಾವನ್ನು ಅಳತೆಗೆ ಸರಿಪಡಿಸಿ ಹೊಲಿಸಿಕೊಳ್ಳಿ, ಸವಾರಿಗೆ ಪಾದದ ಗಂಟಿನವರೆಗೆ ಬರುವುದು ಸಾಕು. ಹೆಲ್ಮೆಟನ್ನು ಸ್ಕಾರ್ಫ್ ಧರಿಸಿಯೇ ಹಾಕಿ ನೋಡಿ ಕೊಳ್ಳಿ. ಮುಖ ಸಣ್ಣದಾಗಿ ಹಳೆಯ ಹೆಲ್ಮೆಟ್ ಅಲುಗಾಡುತ್ತಿದ್ದರೆ ಅದರಿಂದ ರಕ್ಷಣೆ ಇಲ್ಲ.

ನಾಲ್ಕನೆಯದು ಕಾರು. ಮೊಣಕಾಲು ನೋವಿರುವ, ಭಾರವಾದ ದೇಹದವರಿಗೆ ತಗ್ಗಾದ ಕಾರಿನಿಂದ ಎದ್ದು ಬರುವುದೇ ಹಿಂಸೆ. ಒಂದು ಕಾಲದಲ್ಲಿ ನಮ್ಮ ಕುಟುಂಬಗಳು ಓಮ್ನಿಯನ್ನು ಮೆಚ್ಚಲು ಅದರ ಅಗಲ ಬಾಗಿಲು, ಎತ್ತರದ ಸೀಟುಗಳೂ ಕಾರಣವಾಗಿದ್ದವು. ಅದರ ತಯಾರಿ 2019ರಲ್ಲಿ ನಿಂತಿತು. ತೂಕ ಇಳಿದ ಮೇಲೆ ಚಿಕ್ಕ ಕಾರೂ ನಿಮಗೆ ಹಿತವಾದೀತು, ನಿಜ. ಆದರೆ ಮನೆಯಲ್ಲಿ ವಯಸ್ಸಾದ ಅತ್ತೆಯಿದ್ದರೆ ಅವರ ಮೊಣಕಾಲು ನಿಮ್ಮ ಜೊತೆ ಹಗುರವಾಗಿಲ್ಲ. ಅವರನ್ನೂ ಕೂರಿಸಿ ನೋಡಿ ತೀರ್ಮಾನಿಸಿ. ಇರುವ ಕಾರನ್ನೇ ಉಳಿಸಿಕೊಂಡರೂ ಕೆಲವು ಬದಲಾವಣೆ ಅಗತ್ಯ. ಹೊಟ್ಟೆಗಾಗಿ ಹಿಂದಕ್ಕೆ ಸರಿಸಿದ್ದ ಸೀಟನ್ನು ಮುಂದಕ್ಕೆ ತನ್ನಿ, ಆದರೆ ಎದೆಗೂ ಸ್ಟಿಯರಿಂಗಿಗೂ ನಡುವೆ 25 ಸೆಂಟಿಮೀಟರ್ ಅಂತರವಿರಲಿ, ಇದು ಏರ್‌ಬ್ಯಾಗಿಗಾಗಿ. ಬೆಲ್ಟಿನ ಕೆಳಭಾಗ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕು. ಕನ್ನಡಿಗಳನ್ನೂ ಹೊಸದಾಗಿ ಹೊಂದಿಸಿಕೊಳ್ಳಿ.

ಒಂದು ಮಾತು ಆರೋಗ್ಯದ ಕುರಿತು. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಸಂತೋಷಪಡಬೇಡಿ, ಸಕ್ಕರೆ ಕಾಯಿಲೆಯೋ ಬೇರೇನೋ ಇರಬಹುದು, ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ತೂಕ ಇಳಿದಂತೆ ಪ್ರಮಾಣವನ್ನು ವೈದ್ಯರಲ್ಲಿ ಮತ್ತೆ ಕೇಳಿಕೊಳ್ಳಬೇಕು. ಹಳೆಯ ಪ್ರಮಾಣದಿಂದ ಸಕ್ಕರೆ ಥಟ್ಟನೆ ಇಳಿದು, ವಾಹನ ಓಡಿಸುವಾಗಲೇ ಕಣ್ಣು ಕತ್ತಲೆ ಬಂದರೆ ಗತಿಯೇನು? ರಮಝಾನ್‌ನ ಸಂಜೆಗಳಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಉಳಿದ ದಿನಗಳಲ್ಲಿ ಚೀಲದಲ್ಲಿ ನಾಲ್ಕು ಖರ್ಜೂರ ಇರಲಿ.

ಕೊನೆಯದಾಗಿ ಹಣ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದವು. ಅವನ್ನು ನಿಲ್ಲಿಸಿದ ಬಳಿಕ ತೂಕ ಮರಳಿ ಬರುವುದುಂಟು. ಪಥ್ಯದಿಂದ ಇಳಿಸಿದವರಲ್ಲೂ ಹಾಗಾಗುತ್ತದೆ. ಆದ್ದರಿಂದ ತೂಕ ಆರು ತಿಂಗಳಾದರೂ ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ. ಸಂತೋಷದ ಭರದಲ್ಲಿ ಇರುವ ವಾಹನವನ್ನು ಸಿಕ್ಕಿದ ಬೆಲೆಗೆ ಮಾರಿ, ಹೊಸದಕ್ಕೆ ಬಡ್ಡಿಯ ಸಾಲ ಎತ್ತಿದರೆ ದೇಹದ ಭಾರ ಇಳಿದು ಮನೆಯ ಮೇಲೆ ಬೇರೊಂದು ಭಾರ ಕೂತಂತೆ. ಕಾಯುವ ಆ ಆರು ತಿಂಗಳಲ್ಲಿ ಕೈಲಾದಷ್ಟು ಕೂಡಿಡಿ, ಲೈಸೆನ್ಸ್ ಮಾಡಿಸಿಕೊಳ್ಳಿ, ಖಾಲಿ ಮೈದಾನದಲ್ಲಿ ಕಲಿಯಿರಿ. ನಲುವತ್ತರಲ್ಲಿ ಕಲಿತವರು ಬೇಕಾದಷ್ಟಿದ್ದಾರೆ.

ಚಂದದ ವಾಹನ ಬೇಕೆಂಬ ಆಸೆ ಪಾಪವಲ್ಲ. ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಅಲ್ಲಾಹನು ಸವಾರಿಗಾಗಿ ಮಾತ್ರವಲ್ಲ, ಸೊಬಗಿಗಾಗಿಯೂ ಸೃಷ್ಟಿಸಿದನೆಂಬುದು ನಹ್ಲ್ ಅಧ್ಯಾಯದ 8ನೇ ಸೂಕ್ತದ ಆಶಯ. ಆದರೆ ನಿನ್ನೆ ನಕ್ಕವರಿಗೆ ತೋರಿಸಲೆಂದು ಕೊಳ್ಳುವ ವಾಹನ ಅವರ ಮನೆ ಮುಂದೆ ಎರಡು ಬಾರಿ ಹಾದುಹೋದರೆ ಅದರ ಕೆಲಸ ಮುಗಿಯಿತು. ಬಿಟ್ಟುಹೋದ ಸಂಬಂಧಗಳನ್ನು ಜೋಡಿಸಲು, ತರಗತಿಗೆ ಹೋಗಲು, ಕಾಯಿಲೆ ಬಿದ್ದ ನೆರೆಮನೆಯವರನ್ನು ಆಸ್ಪತ್ರೆಗೆ ಮುಟ್ಟಿಸಲು ಕೊಂಡ ವಾಹನ ದಿನವೂ ನಿಮಗೆ ಪುಣ್ಯ ತಂದುಕೊಡುತ್ತದೆ. ಇನ್ನೂ ತೂಕ ಇಳಿಸಲಾಗದ ಸಹೋದರಿಯರೂ ಮನೆಯಲ್ಲೇ ಉಳಿಯಬೇಕಾಗಿಲ್ಲ. ಸೌದಾ(ರ) ಅನುಮತಿ ಕೇಳಿದಂತೆ ನಿಮಗೆ ಅನುಕೂಲವಾದ ಸೀಟನ್ನು, ಹೊತ್ತನ್ನು, ವಾಹನವನ್ನು ಬಾಯಿ ಬಿಟ್ಟು ಕೇಳಿ. ಅಲ್ಲಾಹನು ನಮ್ಮೆಲ್ಲರ ಪ್ರಯಾಣಗಳನ್ನು ಸುಗಮಗೊಳಿಸಲಿ. ಆಮೀನ್.