ಚಾನ್ಸಲರ್ ಗಂಡ ಎಲ್ಲಿ?

2005ರ ನವೆಂಬರ್ 22. ಏಂಜೆಲಾ ಮರ್ಕೆಲ್ ಜರ್ಮನಿಯ ಮೊದಲ ಮಹಿಳಾ ಚಾನ್ಸಲರ್ ಆಗಿ ಪ್ರಮಾಣವಚನ ತಗೊಂಡ ದಿನ. ಅವರ ಗಂಡ ಯೋಆಖಿಮ್ ಝಾವರ್ ಮಾತ್ರ ಸಂಸತ್ತಿಗೆ ಹೋಗಲೇ ಇಲ್ಲ. ಟೀವಿಯಲ್ಲಿ ನೋಡಿದ್ರು, ಅಷ್ಟೇ!

ಮನೇಲಿ ಜಗಳ ಅಂದ್ಕೋಬೇಡಿ. ಝಾವರ್ ಆಗ ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ಕ್ವಾಂಟಮ್ ಕೆಮಿಸ್ಟ್ರಿ ಪ್ರೊಫೆಸರ್ ಆಗಿದ್ದರು. ಪೆಟ್ರೋಲಿಯಂ ರಿಫೈನರಿಗಳಲ್ಲಿ ಬಳಸೋ ಜಿಯೋಲೈಟ್ ಅನ್ನೋ ಕ್ಯಾಟಲಿಸ್ಟ್ ಪರಮಾಣು ಮಟ್ಟದಲ್ಲಿ ಹೇಗೆ ಕೆಲಸ ಮಾಡುತ್ತೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದವರು. 1986ರಲ್ಲಿ ಡಾಕ್ಟರೇಟ್ ಪಡೆದ ಮರ್ಕೆಲ್ ಕೂಡ ಕ್ವಾಂಟಮ್ ಕೆಮಿಸ್ಟ್ರಿಯವರೇ. ಹೆಂಡತಿ 16 ವರ್ಷ ದೇಶ ಆಳಿದರು, ಗಂಡ ತಮ್ಮ ಸಂಶೋಧನೆ ಮುಂದುವರಿಸಿದರು. ರಾಜಕೀಯದ ಬಗ್ಗೆ ಸಂದರ್ಶನ ಕೊಡಲಿಲ್ಲ. ಬೈರಾಯ್ಟ್‌ನ ಒಪೆರಾ ಉತ್ಸವದಲ್ಲಿ ಬಿಟ್ಟರೆ ಜೊತೆಗೆ ಕಾಣಿಸಿಕೊಂಡದ್ದೇ ಅಪರೂಪ. ಅದಕ್ಕೇ ಪತ್ರಿಕೆಗಳು 'ಒಪೆರಾದ ಭೂತ' ಅಂತ ಹೆಸರಿಟ್ಟವು.

ನನಗೆ ಈ ಮನುಷ್ಯ ಇಷ್ಟ. ಆದ್ರೆ ಒಂದು ಪ್ರಶ್ನೆ ಕಾಡುತ್ತೆ. ಇದನ್ನೇ ಒಬ್ಬ ನಾಯಕನ ಹೆಂಡತಿ ಮಾಡಿದ್ರೆ? "ಗಂಡನ ದೊಡ್ಡ ದಿನಕ್ಕೂ ಬರಲಿಲ್ಲ, ಎಷ್ಟು ಕೊಬ್ಬು!" ಅಂತಿದ್ವಿ, ಅಲ್ವಾ?

ದೂರದ ಮಾತು ಬಿಡಿ. ಪ್ಲೇಸ್‌ಮೆಂಟ್ ಆದ ನಮ್ಮ ಕ್ಲಾಸಿನ ಹುಡುಗಿಯನ್ನ "ಮದುವೆ ಆದ್ಮೇಲೂ ಕೆಲಸಕ್ಕೆ ಹೋಗ್ತೀಯಾ?" ಅಂತ ಕೇಳ್ತಾರೆ. ಹುಡುಗನನ್ನ ಯಾರಾದ್ರೂ ಕೇಳಿದ್ದುಂಟಾ?

ಗೆಳೆಯರೇ, ನಾಳೆ ನಮ್ಮ ಸಂಗಾತಿ ನಮಗಿಂತ ದೊಡ್ಡ ಹೆಸರು ಮಾಡಬಹುದು, ಮಾಡದೆಯೂ ಇರಬಹುದು. ಇಬ್ಬರಿಗೂ ಅವರವರ ಕೆಲಸ ಉಳಿಯಬೇಕು. ಝಾವರ್‌ಗೆ ಸುಲಭವಾಗಿ ಸಿಕ್ಕ ಆ ಜಾಗ ನಮ್ಮ ಹುಡುಗಿಯರಿಗೂ ಸಿಗಲಿ.